ಎರಡಕ್ಕೂ ಒಂದೇ ಮಾತ್ರೆ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳ ಹೊಲಿಗೆ ಅಂಗಡಿ. ಎಲ್ಲರ ಬಾಯಲ್ಲೂ ಅವಳು ಟೈಲರಕ್ಕ. ಅಳತೆ ಕೊಡುವವರು ಹೊಟ್ಟೆ ಒಳಗೆಳೆದುಕೊಂಡು ನಿಂತರೆ, "ಉಸಿರು ಬಿಡಿ, ಊಟ ಆದ್ಮೇಲೂ ಇದೇ ಬಟ್ಟೆ ಹಾಕ್ಕೋಬೇಕಲ್ಲ," ಎಂದು ನಗಿಸುವವಳು.

ಅವಳಿಗೂ ಬೇಕರಿಯಲ್ಲಿ ದುಡಿಯುವ ಗಂಡನಿಗೂ ಎಚ್‌ಐವಿ ಇದೆಯೆಂದು ಗೊತ್ತಾದಾಗ ಆ ನಗು ಬತ್ತಿಹೋಗಿತ್ತು. ದಿನಾ ಮಾತ್ರೆ ನುಂಗುತ್ತ ಇಬ್ಬರೂ ಮತ್ತೆ ಗಟ್ಟಿಯಾದರು. ಡಾಕ್ಟರು ಧೈರ್ಯ ತುಂಬಿದ ಮೇಲೆ ಮಗುವಿನ ಆಸೆ ಚಿಗುರಿತು. ಅವಳು ಬಸುರಿಯೂ ಆದಳು.

ಆದರೆ ವಾಂತಿ ಶುರುವಾಯಿತು. ಮಾತ್ರೆಯ ಕಾವು ಮಗುವಿಗೆ ತಟ್ಟಿದರೆ ಎಂಬ ಹೆದರಿಕೆ ಬೇರೆ. ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಟ್ಟಳು.

ಬಸುರಿಯರಿಗೆಲ್ಲ ಮಾಡುವ ರಕ್ತಪರೀಕ್ಷೆ ಅವಳಿಗೂ ಆಯಿತು. ಫಲಿತಾಂಶ ಬಂದ ದಿನ ಆಸ್ಪತ್ರೆಯ ಸಿಸ್ಟರ್ ಅವಳನ್ನೂ ಜೊತೆಗೆ ಬಂದಿದ್ದ ಅತ್ತೆಯನ್ನೂ ಒಳಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಹೆಪಟೈಟಿಸ್ ಬಿ ಅಂತ ಇನ್ನೊಂದು ಸೋಂಕೂ ಇದೆಯಮ್ಮ. ಲಿವರ್‌ಗೆ ಬರೋದು."

ಅತ್ತೆ ಸ್ಟೂಲಿನ ಮೇಲೆ ಕುಸಿದಳು. "ಇರೋದು ಸಾಲದು ಅಂತ ಇನ್ನೊಂದಾ? ಗಾಯದ ಮೇಲೆ ಬರೆ ಅಂದ್ರೆ ಇದೇ!"

"ಗಾಬರಿ ಬೇಡಿ. ಇವರು ಎಚ್‌ಐವಿಗೆ ತಗೊಳ್ಳೋ ಮಾತ್ರೆಯಲ್ಲೇ ಇದನ್ನೂ ಅದುಮಿಡೋ ಔಷಧಿ ಇದೆ. ಬಿಡಬಾರದು, ಅಷ್ಟೆ. ಬಿಟ್ರೆ ಲಿವರ್ ಕೆರಳಬಹುದು. ಮಗೂಗೂ ಅಂಟೋ ಭಯ ಜಾಸ್ತಿ."

ಟೈಲರಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಬಿಟ್ಟಿದೀನಿ, ಸಿಸ್ಟರ್... ಮಗೂಗೋಸ್ಕರಾನೇ ಬಿಟ್ಟೆ."

ಸಿಸ್ಟರ್ ಬೈಯಲಿಲ್ಲ. "ಈಗ ಹೇಳಿದ್ರಲ್ಲ, ಒಳ್ಳೇದಾಯ್ತು," ಎಂದು ಅವಳ ಕೈ ಹಿಡಿದು ಡಾಕ್ಟರ ಬಳಿಗೆ ಕರೆದೊಯ್ದರು. ಲಿವರಿನ ಪರೀಕ್ಷೆ ನಡೆಯಿತು, ಹಾನಿಯೇನೂ ಆಗಿರಲಿಲ್ಲ. ವಾಂತಿಗೆ ಬೇರೆ ಔಷಧಿ ಸಿಕ್ಕಿತು. ಅಂದೇ ಮಾತ್ರೆ ಮತ್ತೆ ಶುರುವಾಯಿತು.

ಅಲ್ಲಿಂದ ಅತ್ತೆಯದೇ ಕಾವಲು. ಊಟವಾದೊಡನೆ ನೀರಿನ ಲೋಟ ಹಿಡಿದು ಎದುರು ನಿಲ್ಲುತ್ತಿದ್ದಳು.

"ನುಂಗು. ಬಾಯಿ ತೆಗಿ, ನೋಡೋಣ."

"ನಾನೇನು ಪುಟ್ಟ ಮಗೂನಾ ಅತ್ತೆ?"

"ನೀನಲ್ಲ. ಆದ್ರೆ ನಾನು ಪುಟ್ಟ ಮಗೂಗೆ ಅಜ್ಜಿ ಆಗ್ಬೇಕಲ್ಲ!"

ಗಂಡನ ರಕ್ತವನ್ನೂ ನೋಡಿದರು. ಅವನಿಗೆ ಹೆಪಟೈಟಿಸ್ ಇರಲಿಲ್ಲ. ಮುಂದೆ ಬಾರದಂತೆ ಲಸಿಕೆ ಹಾಕಿದರು. "ನಂಗೂ ಒಂದು ಚುಚ್ಚಿಬಿಡಿ, ಮೊಮ್ಮಗೂನ ಎತ್ಕೋಬೇಕು," ಎಂದು ಅತ್ತೆಯೂ ರವಿಕೆಯ ತೋಳು ಮೇಲೆ ಸರಿಸಿ ನಿಂತಳು. "ಎತ್ಕೊಂಡ್ರೆ, ಜೊತೇಲಿ ಉಂಡ್ರೆ ಇದು ಅಂಟಲ್ಲ ಅಜ್ಜಿ," ಎಂದು ಸಿಸ್ಟರ್ ನಕ್ಕರು. ಆದರೂ ಅವಳನ್ನು ಪರೀಕ್ಷಿಸಿ, ಲಸಿಕೆ ಹಾಕಿಯೇ ಕಳಿಸಿದರು.

ಹೆಣ್ಣು ಮಗು ಹುಟ್ಟಿತು. ಹೆರಿಗೆ ಕೋಣೆಯಲ್ಲೇ ಅದರ ಎರಡೂ ತೊಡೆಗೆ ಹೆಪಟೈಟಿಸ್ ತಡೆಯುವ ಚುಚ್ಚುಮದ್ದು ಬಿತ್ತು. ಎಚ್‌ಐವಿ ತಡೆಗೆ ಸಿರಪ್ಪೂ ಶುರುವಾಯಿತು. ಮಗು ಕಿರುಚಿದ್ದು ಕೇಳಿ ಹೊರಗಿದ್ದ ಗಂಡ, ಮೈಮೇಲಿನ ಮೈದಾ ಹಿಟ್ಟನ್ನೂ ಮರೆತು ಬಾಗಿಲಿಗೆ ಕಿವಿ ಹಚ್ಚಿದನಂತೆ.

ಉಳಿದ ಲಸಿಕೆಗಳೂ ಹೊತ್ತುಹೊತ್ತಿಗೆ ಆದವು. ಮಗು ಓಡಾಡುವಷ್ಟಾದಾಗ ಕೊನೆಯ ರಕ್ತಪರೀಕ್ಷೆ. ಸಿಸ್ಟರ್ ತಾವೇ ಹೊರಗೆ ಬಂದು, ಟೈಲರಕ್ಕನ ಕಿವಿಯ ಬಳಿ ಬಗ್ಗಿ ಹೇಳಿದರು: "ಎರಡೂ ಇಲ್ಲ ಕಣಮ್ಮ. ಅದೂ ಇಲ್ಲ, ಇದೂ ಇಲ್ಲ."

ಟೈಲರಕ್ಕ ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕತೊಡಗಿದಳು. ಅತ್ತೆ ಅವಳ ಬೆನ್ನು ಸವರಿದಳು, ತನ್ನ ಕಣ್ಣೂ ಒರೆಸಿಕೊಂಡಳು. ಆಮೇಲೆ ಗದರಿದಳು: "ಅತ್ತಿದ್ದು ಸಾಕು, ಏಳೇ! ನಿನ್ನ ಮಗಳು ಯಾರದೋ ಚಪ್ಪಲಿ ಮೆಟ್ಕೊಂಡು ಹೊರಟ್ಲು ನೋಡು!"