ಚಂದ್ರಮೋಹನರು ಅರವಟ್ಟಿಗೆ ಮುಚ್ಚಿದ್ದು

ದಿಲ್ಲಿ ಪಕ್ಕದ ಫರೀದಾಬಾದಿನ ಚಂದ್ರಮೋಹನರಿಗೆ ಹೆಮ್ಮೆಪಡಲು ಬಹಳ ಸಂಗತಿಗಳೇನೂ ಇರಲಿಲ್ಲ. ಓಖ್ಲಾದ ಮುದ್ರಣಾಲಯವೊಂದಕ್ಕೆ ಕಾಗದ ಖರೀದಿಸುವ ಕೆಲಸ, ಹಣೆಯಿಂದ ಹಿಂದೆ ಸರಿಯುತ್ತಿದ್ದ ಕೂದಲು, ಎಷ್ಟು ವರ್ಷ ಕಳೆದರೂ ಮೈಸೂರಿನ ವಾಸನೆ ಬಿಡದ ಹಿಂದಿ. ಇದ್ದ ಒಂದೇ ಹೆಮ್ಮೆಯೆಂದರೆ ಮನೆಯ ಬೋರ್‌ವೆಲ್ ನೀರು. ಬಂದವರ ಕೈಗೆ ಒಂದು ಲೋಟ ಕೊಟ್ಟು, “ಕುಡೀರಿ ಸ್ವಾಮಿ, ಎಳನೀರು!” ಎಂದು ಅವರು ಹೌದೆನ್ನುವವರೆಗೂ ಮುಖವನ್ನೇ ನೋಡುತ್ತ ನಿಲ್ಲುವರು. ದಿಲ್ಲಿ ಸೇರಿದ ಕನ್ನಡಿಗರಾದ ನಾವೆಲ್ಲ ಹೀಗೇ. ಊರಿನ ನೀರನ್ನು ನೆನೆದು ನಿಟ್ಟುಸಿರು ಬಿಡುತ್ತೇವೆ, ಅಲ್ಲಿದ್ದಾಗ ಅದೇ ನೀರಿಗೆ ಕೊಡ ಹಿಡಿದು ಜಗಳವಾಡಿದ್ದನ್ನು ಮರೆಯುತ್ತೇವೆ.

ತಾಯಿ ಲೀಲಮ್ಮನವರು ಕೊನೆಯ ಕೆಲವು ಬೇಸಿಗೆಗಳನ್ನು ಮಗನ ಮನೆಯಲ್ಲೇ ಕಳೆದರು. ಹಿಂದಿಯ ಗಂಧವಿರಲಿಲ್ಲ. ಆದರೂ ಹಿಂದಿನ ಗಲ್ಲಿಯ ಕಾರ್ಖಾನೆಗಳಿಗೆ ಸೈಕಲ್ ತುಳಿದುಕೊಂಡು ಹೋಗುವವರನ್ನು ಗೇಟಿನಲ್ಲಿ ಕೈಯಡ್ಡ ಹಾಕಿ ತಡೆದು ನೀರು ಕುಡಿಸುತ್ತಿದ್ದರು. ರಾಮನವಮಿಗೆ ಪಾನಕ. ಅವರು ತೀರಿಕೊಂಡ ಮೇಲೆ ಮಗ ಕಾಂಪೌಂಡಿನ ಹೊರಗೋಡೆಗೆ ಒಂದು ನಲ್ಲಿ ಹಾಕಿಸಿ, ಮೇಲೆ ‘ಲೀಲಮ್ಮನವರ ಅರವಟ್ಟಿಗೆ’ ಎಂದು ಕನ್ನಡ, ಹಿಂದಿ ಎರಡರಲ್ಲೂ ಬರೆಸಿದರು. ಆ ಕಡೆಯವರು ಅರವಟ್ಟಿಗೆಗೆ ಪ್ಯಾವೂ ಎನ್ನುತ್ತಾರೆ. ಅದುವರೆಗೆ ಬೀದಿಗೆಲ್ಲ ‘ಆ ಮದ್ರಾಸಿ’ ಆಗಿದ್ದವರು ಒಂದೇ ಬೇಸಿಗೆಯಲ್ಲಿ ‘ಪ್ಯಾವೂವಾಲೇ ಬಾಬೂಜಿ’ ಆದರು. ಬಡ್ತಿಯೆಂದರೆ ಬಡ್ತಿ. ಆಫೀಸಿನಲ್ಲಂತೂ ಅಂಥದ್ದು ಸಿಕ್ಕಿರಲಿಲ್ಲ.

2006ರ ಚಳಿಗಾಲದಲ್ಲಿ ಮನೆಯ ಕಾಫಿ ಕೆಟ್ಟಿತು. ಕುಡಿದರೆ ನಾಲಿಗೆಯ ತುದಿಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಚಂದ್ರಮೋಹನರು ಮೊದಲು ಕಾಫಿಪುಡಿ ಅಂಗಡಿಯವನನ್ನು ಬೈದರು. ಚಿಕೋರಿ ಕಡಿಮೆ ಮಾಡಿಸಿದರು, ಜಾಸ್ತಿ ಮಾಡಿಸಿದರು. ಹಾಲು ಬದಲಾಯಿತು. ಹಿತ್ತಾಳೆ ಫಿಲ್ಟರ್ ಹೋಗಿ ಸ್ಟೀಲಿನದು ಬಂತು. ಕೊನೆಗೆ, “ನಿನ್ನ ಕೈ ಯಾಕೋ ಸರಿಯಿಲ್ಲ ಕಣೇ,” ಎಂದರು.

ಹೆಂಡತಿ ವಿಮಲಾ ಅದೇ ಪುಡಿಯನ್ನು, ಅದೇ ಫಿಲ್ಟರನ್ನು ಚೀಲಕ್ಕೆ ಹಾಕಿಕೊಂಡು ಜನಕಪುರಿಯ ತಂಗಿಯ ಮನೆಗೆ ಹೋಗಿ, ಅದೇ ಕೈಯಿಂದ ಕಾಫಿ ಮಾಡಿ ಕುಡಿದು ಬಂದಳು.

“ಅಲ್ಲಿ ಅಮೃತ ಆಗಿತ್ತು ರೀ. ಕೆಟ್ಟಿರೋದು ನಿಮ್ಮ ಎಳನೀರು.”

“ನೀರಿಗೇನಾಗಿದೆ? ನಮ್ಮ ಬೋರ್ ಅದು!” ಎಂದು ಚಂದ್ರಮೋಹನರು ಮನೆಮಗಳ ಶೀಲ ಶಂಕಿಸಿದವರಂತೆ ಎದ್ದು ನಿಂತರು.

ಮಗಳು ಅಪೂರ್ವಾ ದಿಲ್ಲಿಯಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಿದ್ದಳು. ಒಂದು ಬಾಟಲಿ ತುಂಬಿಕೊಂಡು ಹೋದವಳು ಮರುವಾರ ಚಪ್ಪಲಿ ಬಿಡುವ ಮೊದಲೇ ಹೇಳಿದಳು: “ಪಪ್ಪಾ, ಇದ್ರಲ್ಲಿ ಕ್ರೋಮಿಯಂ ಇದೆ. ಲಿಮಿಟ್‌ಗಿಂತ ಬಹುತ್ ಜ್ಯಾದಾ. ಕುದಿಸಿದ್ರೂ ಹೋಗಲ್ಲ. ಬಿಲ್ಕುಲ್ ಕುಡೀಬೇಡಿ.”

ಹಿಂದಿನ ಗಲ್ಲಿಯಲ್ಲಿ ನಲ್ಲಿ, ಷವರ್‌ಗಳಿಗೆಲ್ಲ ಕ್ರೋಮಿಯಂ ಹೊಳಪು ಹಾಕುವ ಪುಟ್ಟ ಪುಟ್ಟ ಕಾರ್ಖಾನೆಗಳಿದ್ದವು. ಹೊಳಪು ನಲ್ಲಿಯ ಮೇಲೆ ಉಳಿಯಿತು, ತೊಳೆದ ನೀರು ನೆಲದೊಳಗೆ ಇಳಿಯಿತು. ಚಂದ್ರಮೋಹನರು ಮಾಲಿನ್ಯ ಇಲಾಖೆಗೆ ಅರ್ಜಿ ಕೊಟ್ಟರು. ಸಾಹೇಬರು ತನಿಖೆಗೆ ಬಂದ ದಿನ ಆ ಗಲ್ಲಿಯಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ. ಸಾಹೇಬರು ಬೀಗಗಳನ್ನೇ ತನಿಖೆ ಮಾಡಿ ಹೊರಟರು.

ಮನೆಗೆ ಕ್ಯಾನ್ ನೀರು ಬರತೊಡಗಿತು. ಕಾಫಿ ಸರಿಹೋಯಿತು. ಚಂದ್ರಮೋಹನರು ಸರಿಹೋಗಲಿಲ್ಲ. ಕಿಟಕಿಯಾಚೆ ಗೋಡೆಯ ನಲ್ಲಿ ತಿರುಗಿದ ಸದ್ದಾದಾಗಲೆಲ್ಲ ಕುರ್ಚಿಯಿಂದ ಏಳುವರು, ಬಾಗಿಲವರೆಗೆ ಹೋಗುವರು, ಬಂದು ಕೂರುವರು, ಮತ್ತೆ ಏಳುವರು. ಪೇಪರಿನ ಒಂದೇ ಸಾಲನ್ನು ಮತ್ತೆ ಮತ್ತೆ ಓದುವರು.

“ನಾವು ಕ್ಯಾನ್ ನೀರು ಕುಡಿಯೋದು, ಅವರಿಗೆ ಅತ್ತೆ ಹೆಸರಲ್ಲಿ ವಿಷ ಕುಡಿಸೋದು. ಚೆನ್ನಾಗಿದೆ,” ಎಂದಳು ವಿಮಲಾ.

“ರಾಮನವಮಿ ಕಳೀಲಿ ಕಣೇ. ಅಮ್ಮನ ಹೆಸರಲ್ಲಿ ಹಾಕಿಸಿದ್ದನ್ನ ಹಾಗೆ ದಿಢೀರಂತ...”

“ಅತ್ತೆ ಇದ್ದಿದ್ದರೆ ನಿಮ್ಮ ಕಿವಿ ಹಿಂಡಿ ಮುಚ್ಚಿಸಿರೋರು.”

ಆ ಮಾತು ನಾಟಿತು. ಭಾನುವಾರ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಹೊರಗೆ ಬಂದು ನಲ್ಲಿಯನ್ನೇ ಕಿತ್ತು, ಪೈಪಿನ ಬಾಯಿಗೆ ಬಿರಡೆ ಜಡಿದರು. ಆಗಲೇ ಸೈಕಲ್ಲಿನ ಕೆಲವರು ಬಾಟಲಿ ಹಿಡಿದು ನಿಂತಿದ್ದರು.

“ಏನಾಯ್ತು ಬಾಬೂಜಿ? ನಮ್ಮಿಂದೇನಾದ್ರೂ ತಪ್ಪಾಯ್ತಾ?”

“ನೀರಲ್ಲಿ ಕೆಮಿಕಲ್ ಇದೆ ಭಯ್ಯಾ.”

“ಇಷ್ಟು ತಿಳಿಯಾಗಿದೆಯಲ್ಲ!” ಎಂದು ಒಬ್ಬ ನಕ್ಕ. ಇನ್ನೊಬ್ಬ, “ಅರೇ ಚಲೋ, ದೊಡ್ಡವರ ಮನಸ್ಸು, ಯಾವಾಗ ಬದಲಾಗುತ್ತೋ,” ಎಂದ. ಎಲ್ಲರೂ ಪಕ್ಕದ ಮನೆಯ ಸಚದೇವರ ಗೇಟಿನ ಹೊರಗಿನ ಕೈಪಂಪಿಗೆ ಹೋಗಿ ಗಟಗಟನೆ ಕುಡಿದರು. ಆ ಪಂಪಿಗೂ ಚಂದ್ರಮೋಹನರ ಬೋರಿಗೂ ನಡುವೆ ಇದ್ದದ್ದು ಒಂದು ಗೋಡೆ. ನೆಲದೊಳಗೆ ಅದೂ ಇರಲಿಲ್ಲ.

ಸ್ಪ್ಯಾನರ್ ಕೈಯಲ್ಲೇ ಇತ್ತು. ತಮ್ಮ ಕೈ ತೊಳೆದುಕೊಂಡದ್ದಷ್ಟೇ ಆಯಿತು, ಆ ಜನರ ಹೊಟ್ಟೆಗೆ ಹೋಗುವುದು ಹೋಗುತ್ತಲೇ ಇದೆ ಎಂದು ಅವರಿಗೆ ಹೊಳೆದದ್ದು ಆಗ. ನೆಟ್ಟಗೆ ಸಚದೇವರಲ್ಲಿಗೆ ಹೋದರು. ಸಚದೇವರು ಬಡಾವಣೆ ಸಂಘದ ಅಧ್ಯಕ್ಷರು. ಮೀಸೆ ಅಧ್ಯಕ್ಷಗಿರಿಗೆ ತಕ್ಕಂತಿತ್ತು.

“ಅಚ್ಛಾ, ಕ್ರೋಮಿಯಂ. ಮೆಲ್ಲಗೆ ಮಾತಾಡಿ ಮೋಹನ್‌ಜಿ. ಹೊರಗೆ ಗೊತ್ತಾದ್ರೆ ನಮ್ಮ ಸೆಕ್ಟರಿಗೆ ಬಾಡಿಗೆದಾರ ಬರ್ತಾನಾ, ಸೊಸೆ ಬರ್ತಾಳಾ? ನಲವತ್ತು ವರ್ಷದಿಂದ ಕುಡೀತಿದ್ದೀವಿ. ನನ್ನ ನೋಡಿ, ಕುಸ್ತಿಗೆ ಬರ್ತೀರಾ?”

ಚಂದ್ರಮೋಹನರು ಕುಸ್ತಿಗೆ ಹೋಗುವ ಪೈಕಿಯಲ್ಲ. ಆದರೆ ಆ ಸಂಜೆಯೇ ಸ್ಕೂಟರಿಗೆ ಎರಡು ಜೆರ್ರಿಕ್ಯಾನ್ ಕಟ್ಟಿಕೊಂಡು, ಯಮುನೆಯ ದಂಡೆಯ ಬಾವಿಗಳಿಂದ ನೀರು ಬರುವ ಆಚೆಯ ಸೆಕ್ಟರಿಗೆ ಹೊರಟರು. ಆ ನೀರನ್ನು ಅಪೂರ್ವಾ ಪರೀಕ್ಷೆ ಮಾಡಿ ಪಾಸು ಮಾಡಿದ್ದಳು. ಆಫೀಸಿಗೆ ಹೋಗುವ ಮೊದಲೊಂದು ಸಲ, ಬಂದ ಮೇಲೊಂದು ಸಲ. ಮೊದಲ ದಿನವೇ ತಿರುವಿನಲ್ಲಿ ಕ್ಯಾನು ಒಂದು ಕಡೆ, ಅವರು ಒಂದು ಕಡೆ ಬಿದ್ದರು. ಎದ್ದು ಮೊದಲು ನೋಡಿದ್ದು ಕ್ಯಾನಿನ ಮುಚ್ಚಳವನ್ನು. ಗೋಡೆಯ ಬಳಿ ಮಣ್ಣಿನ ಮಡಕೆಗಳು ಬಂದವು. ಕುಡಿಯಲು ನಿಂತ ಒಬ್ಬೊಬ್ಬನಿಗೂ, “ಆ ಪಂಪಿಂದು ಕುಡೀಬೇಡ ಭಯ್ಯಾ, ಮಕ್ಕಳಿಗಂತೂ ಕೊಡಲೇಬೇಡ,” ಎಂದು ಗಂಟಲು ಒಣಗುವವರೆಗೆ ಹೇಳುವರು. ಕೆಲವರು ಕೇಳಿದರು. ಮಡಕೆ ಬರಿದಾದಾಗ ಎಲ್ಲರೂ ಪಂಪಿಗೇ ಹೋದರು.

ರಾಮನವಮಿಯ ದಿನ ಪಾನಕ ಹಂಚುತ್ತಿದ್ದಾಗ ಸಚದೇವರು ಬಂದರು. ಅತ್ತಿತ್ತ ನೋಡಿ, ಹೆಗಲ ಟವೆಲಿನಡಿಯಿಂದ ಒಂದು ಸ್ಟೀಲ್ ಜಗ್ ತೆಗೆದರು.

“ಪಾನಕ ಕೊಡಲಾ ಸಚದೇವ್‌ಜಿ?”

“ಬೇಡ... ಬರೀ ನೀರು.” ದನಿ ಇಳಿಯಿತು. “ಸೊಸೆಗೆ. ನಾಲ್ಕನೇ ತಿಂಗಳು.”

ತಾವು ಹೇಳಿದ್ದನ್ನೆಲ್ಲ ಇವರು ಅವತ್ತೇ ನಂಬಿದ್ದರು! ಚಂದ್ರಮೋಹನರ ಕಿವಿಯವರೆಗೂ ಸಿಟ್ಟು ಏರಿತು. ಆದರೆ ಅರವಟ್ಟಿಗೆಯಲ್ಲಿ ಪಾತ್ರೆ ಒಡ್ಡಿದವರಿಗೆ ಇಲ್ಲವೆನ್ನುವಂತಿಲ್ಲ. ಜಗ್ಗನ್ನು ಕಂಠಮಟ್ಟ ತುಂಬಿದರು. ಒಳಗೆ ಹೋಗಿ ಸ್ಪ್ಯಾನರ್ ತಂದರು.

“ಸಚದೇವ್‌ಜಿ, ಇಲ್ಲಿ ಬಂದು ಕುಡಿಯೋರ ಮನೇಲೂ ನಾಲ್ಕನೇ ತಿಂಗಳಿನವರು ಇರ್ತಾರೆ. ನಿಮ್ಮ ಪಂಪಿನ ಹಿಡಿ ಬಿಚ್ಚಲಾ?”

ಸಚದೇವರು ಜಗ್ಗನ್ನೇ ನೋಡುತ್ತ ನಿಂತರು. ಆಮೇಲೆ ತಾವೇ ಮುಂದಾಗಿ ಪಂಪಿನ ಕಡೆಗೆ ನಡೆದರು. ತುಕ್ಕು ಹಿಡಿದ ಬೋಲ್ಟು ಚಂದ್ರಮೋಹನರ ತಾಕತ್ತಿಗೆ ಜಗ್ಗಲಿಲ್ಲ. ಸಚದೇವರು ಜಗ್ ಕೆಳಗಿಟ್ಟು, ಹಲ್ಲು ಕಚ್ಚಿ ತಾವೇ ತಿರುಗಿಸಿದರು. ಹಿಡಿ ಕಳಚಿ ಬಂತು.

“ಮುಂದಿನ ಮನೆಯವನು ಗುಪ್ತಾ. ಅವನದೂ ಬೋರಿಂಗ್ ಇದೆ, ಹೊರಗಡೆ ನಲ್ಲಿಯಿದೆ,” ಎಂದರು ಏದುಸಿರು ಬಿಡುತ್ತ. “ಆಸಾಮಿ ಒಪ್ಪೋನಲ್ಲ.”

“ಅಧ್ಯಕ್ಷರು ನೀವು. ಜೊತೆಗೆ ಬನ್ನಿ.”

“ಅವನು ಕೂಗಾಡ್ತಾನೆ. ಬೀದಿಯೆಲ್ಲ ಕೇಳಿಸುತ್ತೆ.”

“ಕೇಳಿಸಲಿ.”

ಸಚದೇವರು ಮೀಸೆಯ ಮೇಲೆ ಕೈಯಾಡಿಸಿದರು. ಒಳಗೆ ಹೋಗಿ ಜಗ್ಗನ್ನು ಸೊಸೆಯ ಕೈಗೆ ಕೊಟ್ಟು, ಇನ್ನೂ ದೊಡ್ಡದೊಂದು ಸ್ಪ್ಯಾನರ್ ಹುಡುಕಿಕೊಂಡು ಬಂದರು.