ಹನ್ನೊಂದು ಚಾಕು, ಒಂದು ತೊಟ್ಟಿ

ತರಕಾರಿ ರೋಗ ಪತ್ತೆಹಚ್ಚುವ ಪ್ರಯೋಗಾಲಯದಲ್ಲಿ ಆಕೆಗೆ ಬಿದ್ದ ಹೆಸರು ಅನುಮಾನದಕ್ಕ. ಗಾಜಿನ ತಟ್ಟೆ ತೊಳೆಯಲು ಸೇರಿದವಳು ಇಪ್ಪತ್ತೆರಡು ವರ್ಷದಲ್ಲಿ ಕೊಳೆಯ ಜಾತಕ ಬರೆಯುವಷ್ಟು ಪಳಗಿದ್ದಳು.

ಆ ಸೋಮವಾರ ತರಕಾರಿ ಶೆಡ್ಡಿನ ಮೇಲ್ವಿಚಾರಕ ಕೊಳೆತ ಎಲೆಕೋಸು, ಒಂದು ಬಾಟಲಿ ನೀರು ತಂದಿಟ್ಟ.

"ಕೊಯ್ಯೋ ಹೆಂಗಸರು ಕೂಲಿ ಜಾಸ್ತಿ ಕೇಳಿ ಎರಡು ದಿನ ಹೊರಗೆ ಕೂತರು ಅಕ್ಕ. ಒಳಗೆ ಬಂದ ಮೇಲೆ ಮಾಲೆಲ್ಲ ಲೊಳಲೊಳ. ಏನೋ ಸುರಿದಿದ್ದಾರೆ. ನೀವು ಬರೆದುಕೊಡಿ, ಹನ್ನೊಂದು ಜನಾನೂ ಮನೆಗೆ ಕಳಿಸ್ತೀನಿ."

ಆ ಹನ್ನೊಂದರಲ್ಲಿ ಒಬ್ಬಳು ಆಕೆಯ ನಾದಿನಿ. ಬಾಯಿ ಜೋರು, ಸಿಟ್ಟು ಇನ್ನೂ ಜೋರು. ಇವಳೇ ಏನಾದರೂ ಎಡವಟ್ಟು ಮಾಡಿದಳೋ ಎಂಬ ಹುಳು ಅನುಮಾನದಕ್ಕನ ತಲೆ ಹೊಕ್ಕಿತು. ಆದರೂ ಬಾಟಲಿಯನ್ನು ಬೆಳಕಿಗೆ ಹಿಡಿದಳು.

"ಇದೆಲ್ಲಿಯ ನೀರು?"

"ಕೋಸು ತೊಳೆಯೋ ತೊಟ್ಟೀದು."

ಒಂದು ಎಲೆಚೂರೂ ಇರಲಿಲ್ಲ. "ನಿಮ್ಮ ತೊಟ್ಟಿ ನಮ್ಮನೆ ಬಿಂದಿಗೆಗಿಂತ ಚೊಕ್ಕ ಇದೆಯಲ್ಲಪ್ಪ! ನಡಿ, ನಾನೇ ಬಂದು ಮಾದರಿ ತಗೋತೀನಿ."

ಶೆಡ್ಡಿನಲ್ಲಿ ಮೊದಲು ನಾದಿನಿಯ ಚಾಕುವನ್ನೇ ಹತ್ತಿಯಿಂದ ಒರೆಸಿದಳು. ನಾದಿನಿ ಕಣ್ಣಲ್ಲೇ ಸುಟ್ಟಳು. ಆಮೇಲೆ ಉಳಿದ ಹತ್ತು ಚಾಕು, ನಲ್ಲಿ, ತೊಟ್ಟಿ. ತೊಟ್ಟಿಯ ತಳದಲ್ಲಿ ಗೋಂದಿನಂಥ ಲೋಳೆ.

ವಾಪಸು ಬಂದು ಸ್ಪಿರಿಟ್ಟಿನಲ್ಲಿ ಒರೆಸಿದ ಆಲೂಗೆಡ್ಡೆಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಒಂದೊಂದಕ್ಕೂ ಒಂದೊಂದು ಹತ್ತಿಯ ಅಂಶ ಸೋಕಿಸಿದಳು. ಹೋಲಿಸಿ ನೋಡಲು ಒಂದಕ್ಕೆ ಬರೀ ಕುದಿಸಿದ ನೀರು, ಇನ್ನೊಂದಕ್ಕೆ ಬಾಟಲಿಯದು. ಮೆತ್ತನೆಯ ಕೊಳೆಯ ಬ್ಯಾಕ್ಟೀರಿಯಾ ಇದ್ದರೆ ಅದು ಕೋಶಗಳನ್ನು ಅಂಟಿಸಿಟ್ಟ ಪೆಕ್ಟಿನ್ ಕರಗಿಸಿ ಗೆಡ್ಡೆಯನ್ನು ಬೆಣ್ಣೆ ಮಾಡುತ್ತದೆ.

ಎರಡನೇ ದಿನ ತೊಟ್ಟಿಯ ಬಿಲ್ಲೆ ಕರಗಿತ್ತು. ಹನ್ನೊಂದು ಚಾಕುವಿನದೂ ಕರಗಿತ್ತು. ನಲ್ಲಿಯದು, ಕುದಿಸಿದ ನೀರಿನದು, ಬಾಟಲಿಯದು ಗಟ್ಟಿಯಾಗೇ ಇದ್ದವು. ಬಾಟಲಿಗೆ ತುಂಬಿ ತಂದದ್ದು ನಲ್ಲಿಯ ನೀರು. ಪೆಕ್ಟಿನ್ ಹೆಪ್ಪುಗಟ್ಟಿಸಿದ ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಬ್ಯಾಕ್ಟೀರಿಯಾ ಅದನ್ನು ತಿಂದು ಗುಂಡಿ ತೋಡಿತು. ಆ ಗುಂಡಿಯಿಂದ ಎತ್ತಿ ಒಳ್ಳೆಯ ಕೋಸಿಗೆ ಚುಚ್ಚಿದರೆ ಅದೂ ನಾರಿತು. ಮೆತ್ತನೆಯ ಕೊಳೆಯ ಪೆಕ್ಟೋಬ್ಯಾಕ್ಟೀರಿಯಂ. ನಿಂತ ನೀರಲ್ಲಿ ತಾನೇ ಹೆಚ್ಚುವಂಥದ್ದು, ಯಾರೂ ಸುರಿದದ್ದಲ್ಲ.

ಮೇಲ್ವಿಚಾರಕ ಬಿಡಲಿಲ್ಲ. "ಹನ್ನೊಂದು ಚಾಕುವಿನಲ್ಲೂ ಇದೆ ಅಂದ್ರೆ ಹನ್ನೊಂದು ಜನಾನೂ ಕೂಡಿ ಮಾಡಿದ್ದಾರೆ!"

"ಚಾಕುವಿನ ಅಂಟು ಎಲ್ಲಿ ತೊಳೀತಾರೆ?"

"ತೊಟ್ಟೀಲಿ."

"ಕೋಸು?"

"ಅದರಲ್ಲೇ."

"ಹೆಂಗಸರು ಹೊರಗೆ ಕೂತ ಎರಡು ದಿನ ಆ ನೀರು ಚೆಲ್ಲಿ ಹೊಸದು ತುಂಬಿದ್ದು ಯಾರು?"

ಆತ ಚಪ್ಪಲಿ ನೋಡಿಕೊಂಡ. "ನೀರಿನ ವಿಷಯ ಬರೀಬೇಡಿ ಅಕ್ಕ."

ಅನುಮಾನದಕ್ಕ ಬರೆದಳು. ಅವನನ್ನು ನಂಬದೆ ವರದಿಯ ಇನ್ನೊಂದು ಪ್ರತಿಯನ್ನು ತಾನೇ ಒಯ್ದು ನಾದಿನಿಯ ಕೈಗಿಟ್ಟಳು. ನಾದಿನಿ ಅದನ್ನು ಉಳಿದ ಹತ್ತು ಜನಕ್ಕೂ ಗಟ್ಟಿಯಾಗಿ ಓದಿ, ಅತ್ತಿಗೆಯತ್ತ ತಿರುಗಿಯೂ ನೋಡದೆ ಮೇಲ್ವಿಚಾರಕನಿಗೆ ಹೇಳಿದಳು: "ಚಾಕು ಹಿಡೀತೀವಿ ಸ್ವಾಮಿ. ಮೊದಲು ನೀವು ತೊಟ್ಟಿ ಕವುಚಿ."

ಆತ ಪ್ಯಾಂಟು ಮಡಚಿದ. ಇನ್ನೊಂದು ತುದಿ ಹಿಡಿಯಲು ಯಾರೂ ಏಳಲಿಲ್ಲ.