ರೈಲು ಬಿಟ್ಟುಹೋದ ಸೇತುವೆ

೧೯೭೩ರ ಮೇ ತಿಂಗಳು. ಶಿಕಾಗೋದ ಪಶ್ಚಿಮಕ್ಕಿರುವ ಓಕ್ ಬ್ರೂಕ್‌ನಲ್ಲಿ ಒಂದು ಚಿಕ್ಕ ಕನ್ಸಲ್ಟಿಂಗ್ ಕಂಪನಿಯಲ್ಲಿ ನಾನು ಸ್ಟ್ರಕ್ಚರಲ್ ಎಂಜಿನಿಯರ್ ಆಗಿದ್ದೆ. ಮೈಸೂರಿನಲ್ಲಿ ಬಿ.ಇ., ಡೆಟ್ರಾಯಿಟ್‌ನಲ್ಲಿ ಎಂ.ಎಸ್. ಮುಗಿಸಿ ಬಂದವನು. ಅಲ್ಲಿಯವರೆಗೆ ಕಟ್ಟಿದ ಸೇತುವೆಗಳೆಲ್ಲ ಡ್ರಾಯಿಂಗ್ ಬೋರ್ಡಿನ ಮೇಲೆಯೇ. ನನ್ನೊಬ್ಬನ ಜವಾಬ್ದಾರಿಗೆ ಬಂದ ಮೊದಲ ತಪಾಸಣೆ ಎಂದರೆ, ರೈಲು ಓಡಾಡುವುದು ನಿಂತು ಎಷ್ಟೋ ವರ್ಷವಾಗಿದ್ದ ಒಂದು ಹಳೆಯ ಸೇತುವೆಯದು.

ಸುತ್ತಲಿನ ಊರುಗಳಿಂದ ಜನರನ್ನು ಶಿಕಾಗೋಗೆ ಕೆಲಸಕ್ಕೆ ಕರೆದೊಯ್ಯುತ್ತಿದ್ದ ವಿದ್ಯುತ್ ರೈಲಿನ ಮಾರ್ಗ ಅದು. ಹೆದ್ದಾರಿ ಬಂತು, ಜನ ಕಾರು ಕೊಂಡರು, ರೈಲು ನಿಂತಿತು. ಹಳಿಗಳನ್ನು ಕಿತ್ತು ಗುಜರಿಗೆ ಹಾಕಿದ ಮೇಲೆ ಆ ಉದ್ದನೆಯ ಜಾಗ ಮುಳ್ಳುಪೊದೆ ಬೆಳೆದು, ಕಸ ತುಂಬಿ ಹಾಳುಬಿದ್ದಿತ್ತು. ಸ್ಥಳೀಯರು ಕೆಲವರು ಸೇರಿ ರಜೆಯ ದಿನಗಳಲ್ಲಿ ಪೊದೆ ಕಡಿದು, ಜಲ್ಲಿಪುಡಿ ಹರಡಿ, ಅದನ್ನು ಕಾಲುಹಾದಿ ಮಾಡಿದ್ದರು. ನಡೆಯುವವರು, ಸೈಕಲ್ಲಿನವರು, ಕುದುರೆ ಸವಾರರು ಎಲ್ಲರಿಗೂ ಅದೇ ಹಾದಿ. ಈ ಗುಂಪಿನ ಮುಂದಾಳು ಮಿಸೆಸ್ ಕಾರ್ಲ್‌ಸನ್. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ, ಐವತ್ತು ದಾಟಿದ, ಸದಾ ಕೈಗವಸು ತೊಟ್ಟಿರುತ್ತಿದ್ದ ಮಹಿಳೆ. ಬರುವ ಅಕ್ಟೋಬರಿನಲ್ಲಿ ಹಾದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ ಒಟ್ಟಿಗೆ ನಡೆಯಬೇಕೆಂದು ಅವರು ಆಗಲೇ ಊರೂರಿಗೆ ಹೇಳಿ ಬಂದಿದ್ದರು.

ಅಷ್ಟರಲ್ಲಿ ನಡುದಾರಿಯ ಸೇತುವೆಯಲ್ಲಿ ಹಲಗೆ ಮುರಿದು ಒಂದು ಕುದುರೆಯ ಕಾಲು ಸಿಕ್ಕಿಕೊಂಡಿತು. ಸವಾರಳಿಗೂ ಕುದುರೆಗೂ ದೊಡ್ಡ ಪೆಟ್ಟೇನೂ ಆಗಲಿಲ್ಲ. ಆದರೆ ಸೇತುವೆಯಿದ್ದ ಊರಿನ ಕೌನ್ಸಿಲ್ ಗಾಬರಿಯಾಗಿ, ಸೇತುವೆ ಪರೀಕ್ಷಿಸಿ ವರದಿ ಕೊಡಿ ಎಂದು ನಮ್ಮ ಕಂಪನಿಯನ್ನು ಕೇಳಿತು.

ನಮ್ಮ ಬಾಸ್ ವಾಲ್ಷ್ ಅವರಿಗೆ ಇದು ತಲೆ ಕೆಡಿಸಿಕೊಳ್ಳುವ ಕೆಲಸವಾಗಿರಲಿಲ್ಲ. "ಮೂರ್ತಿ, ಇದರ ಮೇಲೆ ಜಾಸ್ತಿ ಹೊತ್ತು ಕಳೀಬೇಡ. ಹಳೇ ಸೇತುವೆ. ಕೆಡವಿ ಅಂತ ಬರೆದ್ರೆ ನಾಳೆ ಯಾರೂ ನಮ್ಮನ್ನ ಕೇಳೋದಿಲ್ಲ" ಎಂದರು.

ಸುತ್ತಿಗೆ, ತಂತಿಯ ಬ್ರಷ್ಷು, ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದು ನಾನು ಹೋದೆ. ಚಿಕ್ಕ ನದಿ, ಮೊಳಕಾಲು ಮುಳುಗುವಷ್ಟು ನೀರು. ಎರಡೂ ದಡದಲ್ಲಿ ಕಲ್ಲಿನ ಆಧಾರಗೋಡೆಗಳು; ನಾವು ಅವನ್ನು ಅಬಟ್‌ಮೆಂಟ್ ಎನ್ನುತ್ತೇವೆ. ಅವುಗಳ ಮೇಲೆ ಉಕ್ಕಿನ ಗರ್ಡರ್‌ಗಳು, ಅಂದರೆ ಭಾರ ಹೊರುವ ತೊಲೆಗಳು. ಅವುಗಳ ಮೇಲೆ ಹಿಂದೆ ಹಳಿಗಳ ಕೆಳಗಿದ್ದ ಹಳೆಯ ಸ್ಲೀಪರ್ ಮರ, ಅದಕ್ಕೆ ಹೊಡೆದ ಹಲಗೆ. ಮರವೆಲ್ಲ ಕೈಯಲ್ಲಿ ಪುಡಿಯಾಗುವಷ್ಟು ಕೊಳೆತಿತ್ತು. ಆದರೆ ಗರ್ಡರಿನ ತುಕ್ಕು ಉಜ್ಜಿ ನೋಡಿದರೆ ಒಳಗಿನ ಉಕ್ಕು ಗಟ್ಟಿಯಾಗಿತ್ತು. ರೈಲನ್ನೇ ಹೊತ್ತ ತೊಲೆ, ಮನುಷ್ಯರ ಭಾರ ಅದಕ್ಕೆ ಲೆಕ್ಕವೇ ಅಲ್ಲ. ಮಿಸೆಸ್ ಕಾರ್ಲ್‌ಸನ್ ದಡದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ನಕ್ಕೆ. ಅವರೂ ನಕ್ಕರು.

ಆಮೇಲೆ ನೀರಿಗಿಳಿದು ಪಶ್ಚಿಮದ ದಡದ ಗೋಡೆಯ ಬುಡಕ್ಕೆ ಕೋಲು ತೂರಿಸಿದೆ. ಅದು ಎಲ್ಲೂ ತಡೆಯದೆ ಒಳಕ್ಕೆ ಹೋಗುತ್ತಲೇ ಹೋಯಿತು. ಹರಿಯುವ ನೀರು ಅಡಿಪಾಯದ ಕೆಳಗಿನ ಮಣ್ಣನ್ನು ಕೊರೆದು ತೆಗೆದಿತ್ತು. ಮೇಲೆ ನಿಂತು ನೋಡಿದರೆ ಯಾರಿಗೂ ಗೊತ್ತಾಗುವಂಥದ್ದಲ್ಲ. ಒಂದು ದೊಡ್ಡ ನೆರೆ ಬಂದರೆ ಗೋಡೆ ವಾಲುತ್ತದೆ, ಅದರ ಹಿಂದೆಯೇ ಗರ್ಡರ್ ಕೂಡ.

ಮೇಲೆ ಬಂದು ಹೇಳಿದೆ: "ಮಿಸೆಸ್ ಕಾರ್ಲ್‌ಸನ್, ಇದನ್ನ ಇವತ್ತೇ ಮುಚ್ಚಬೇಕು."

"ಈಗಷ್ಟೇ ನಕ್ಕಿರಲ್ಲ" ಎಂದರು.

"ಆಗ ಬುಡ ನೋಡಿರಲಿಲ್ಲ."

ಅವರು ಕಾರಿನಿಂದ ಹಗ್ಗ ತಂದು, ಸೇತುವೆಗೆ ಅಡ್ಡಲಾಗಿ ತಾವೇ ಕಟ್ಟಿದರು. ಗಂಟು ಬಿಗಿಯುವಾಗ, "ಈ ಹಾದೀನ ಎರಡು ತುಂಡು ಮಾಡ್ತಾ ಇದೀರಿ ಅಂತ ಗೊತ್ತಿದೆ ತಾನೆ?" ಎಂದರು. ಕೋಪದ ದನಿಯಲ್ಲ, ತುಂಬ ಸುಸ್ತಾದವರ ದನಿ. ನನಗೆ ಅದೇ ಹೆಚ್ಚು ತಟ್ಟಿತು.

ಮನೆಗೆ ಬಂದರೆ ಗೆಳೆಯ ಬಸವರಾಜ ಕೂತಿದ್ದ. ಧಾರವಾಡದವನು, ಹತ್ತಿರದ ಗ್ಯಾರಿ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಮೆಟಲರ್ಜಿಸ್ಟ್. ವಿಷಯ ಕೇಳಿ, "ಉಕ್ಕು ಛೊಲೊ ಐತಿ, ಕಲ್ಲೂ ಛೊಲೊ ಐತಿ ಅಂತಿ. ಬರೇ ಕೆಳಗ ಮಣ್ಣ ಹೋಗೇತಿ. ಅದನ್ನ ತುಂಬಾಕ ಬರೂದಿಲ್ಲೇನು?" ಎಂದ.

"ಬರುತ್ತೆ. ಆದ್ರೆ ನಮ್ಮನ್ನ ಕೇಳಿದ್ದು ಅದಲ್ಲ."

ಅಡಿಗೆಮನೆಯಿಂದ ನನ್ನ ಹೆಂಡತಿ ವಿಮಲಾ, "ಕೇಳದೇ ಇದ್ರೆ ಹೇಳಬಾರದು ಅಂತ ಇದೆಯಾ?" ಎಂದಳು. ನನ್ನ ಗ್ರೀನ್ ಕಾರ್ಡ್ ಅರ್ಜಿ ಇದೇ ಕಂಪನಿಯ ಮೂಲಕ ಹೋಗಿತ್ತೆಂಬುದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದಳು.

ವರದಿಯಲ್ಲಿ ಎರಡು ದಾರಿ ತೋರಿಸಿದೆ. ಒಂದು, ಕೆಡವುವುದು. ಇನ್ನೊಂದು, ಕೊರೆದ ಜಾಗಕ್ಕೆ ಕಾಂಕ್ರೀಟ್ ತುಂಬಿ, ನೀರಿನ ಹೊಡೆತ ತಡೆಯಲು ಗೋಡೆಯ ಮುಂದೆ ದೊಡ್ಡ ಬಂಡೆಗಳನ್ನು ಪೇರಿಸಿ, ಮೇಲಿನ ಮರವನ್ನೆಲ್ಲ ಬದಲಾಯಿಸುವುದು. ವಾಲ್ಷ್ ಓದಿ ಕನ್ನಡಕ ತೆಗೆದಿಟ್ಟರು.

"ಲೈಸೆನ್ಸ್ ನಂದು, ವರದಿ ಮೇಲೆ ಬೀಳೋ ಮುದ್ರೆ ನಂದು. ಇದರ ಮೇಲೆ ಮಕ್ಕಳು ಓಡಾಡ್ತಾರೆ."

"ಅದಕ್ಕೇ ಮೊದಲು ಮುಚ್ಚಿಸಿದೆ ಸರ್. ಆದ್ರೆ ರಿಪೇರಿ ಆಗೋದನ್ನ ಆಗೋದಿಲ್ಲ ಅಂತ ನಾನು ಬರೀಲಾರೆ."

ಅವರು ಎದ್ದು ಹೊರಗೆ ಹೋದರು. ಕೆಲಸ ಹೋಯಿತು ಎಂದುಕೊಂಡೆ. ಮಾರನೆಯ ದಿನ ಬೆಳಿಗ್ಗೆ ನೋಡಿದರೆ, ಸೊಂಟದವರೆಗಿನ ರಬ್ಬರ್ ಬೂಟು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. "ನಡಿ, ತೋರಿಸು." ಅರವತ್ತರ ಮನುಷ್ಯ ಆ ತಣ್ಣನೆಯ ನೀರಿನಲ್ಲಿ ಬಗ್ಗಿ, ಗೋಡೆಯ ಅಡಿಗೆ ತೋಳು ಹಾಕಿ ತಡವಿದರು, ನನ್ನ ಲೆಕ್ಕವನ್ನು ಅಲ್ಲೇ ದಡದಲ್ಲಿ ಕೂತು ಮತ್ತೊಮ್ಮೆ ಮಾಡಿದರು. ಕೊನೆಗೆ ಹೇಳಿದ್ದು ಇಷ್ಟೇ: "ಬಂಡೆ ಇನ್ನೂ ದೊಡ್ಡದು ಹಾಕಿಸು." ಕೌನ್ಸಿಲ್ ಸಭೆಗೂ ಅವರೇ ಬಂದು, ಎರಡನೆಯ ದಾರಿಯೇ ಸರಿ ಎಂದು ವಾದಿಸಿದರು.

ಬೇಸಗೆಯಲ್ಲಿ ನದಿ ಇಳಿದಾಗ ಕಂಟ್ರಾಕ್ಟರ್ ಬುಡ ತುಂಬಿಸಿದ. ಮೇಲಿನ ಮರಗೆಲಸ ಮಿಸೆಸ್ ಕಾರ್ಲ್‌ಸನ್‌ರ ಗುಂಪಿನದು. ಶನಿವಾರಗಳಲ್ಲಿ ನಾನೂ ಬಸವರಾಜನೂ ಹೋಗುತ್ತಿದ್ದೆವು. ವಿಮಲಾಗೆ ಆ ದಿನ ಆಸ್ಪತ್ರೆಯ ಲ್ಯಾಬಿನಲ್ಲಿ ಡ್ಯೂಟಿ. ಡಬ್ಬಿ ತುಂಬ ಪುಳಿಯೋಗರೆ ಕೊಟ್ಟು ಕಳಿಸುತ್ತಿದ್ದಳು. ಕುದುರೆ ಸವಾರರು, ಬ್ಯಾಂಕಿನವರು, ಮೇಷ್ಟರುಗಳು ಮರದ ರಾಶಿಯ ಮೇಲೆ ಕೂತು ಅದನ್ನು ಚಮಚದಲ್ಲಿ ತಿಂದು, ಖಾರಕ್ಕೆ ಮೂಗೊರೆಸಿಕೊಂಡು, ಮತ್ತೆ ಡಬ್ಬಿ ಚಾಚುತ್ತಿದ್ದರು. "ಇನ್ನ ಮುಂದಿನ ವಾರ ರೊಟ್ಟಿ ತರೂಣು. ಈ ಮಂದೀಗ ಉಣ್ಣಾಕ ಬರ್ತದ" ಎಂದ ಬಸವರಾಜ. ಇಪ್ಪತ್ತೊಂಬತ್ತರ ವಯಸ್ಸು, ಬೆನ್ನಿಗೆ ಬಿಸಿಲು, ಹೊಸ ಮರದ ವಾಸನೆ, ಕೆಳಗೆ ನೀರಿನ ಸದ್ದು. ಅಷ್ಟು ನಿಶ್ಚಿಂತೆಯಿಂದ ನಾನು ಆಮೇಲೆ ಕೆಲಸ ಮಾಡಿದ್ದು ನೆನಪಿಲ್ಲ.

ಸೆಪ್ಟೆಂಬರ್ ಕೊನೆಗೆ ಭಾರದ ಪರೀಕ್ಷೆ. ಮಣ್ಣು ತುಂಬಿದ ಪಿಕಪ್ ಟ್ರಕ್ ನಿಧಾನವಾಗಿ ಸೇತುವೆಯ ಮೇಲೆ ಬಂದು ನಡುವೆ ನಿಂತಿತು. ಗರ್ಡರ್ ಎಷ್ಟು ಬಾಗುತ್ತದೆಂದು ತೋರಿಸುವ ಡಯಲ್ ಗೇಜ್ ನೋಡುತ್ತ ವಾಲ್ಷ್ ಮತ್ತು ನಾನು ಕೆಳಗೆ ನೀರಿನಲ್ಲಿ. ನಾವು ಬೇಡವೆಂದರೂ ಕೇಳದೆ ಮಿಸೆಸ್ ಕಾರ್ಲ್‌ಸನ್ ನಮ್ಮ ಪಕ್ಕಕ್ಕೆ ಬಂದು ನಿಂತರು. ಮುಳ್ಳು ಅಲುಗಿತು, ನಾನು ಲೆಕ್ಕ ಹಾಕಿದ್ದಕ್ಕಿಂತ ಸ್ವಲ್ಪ ಹಿಂದೆಯೇ ನಿಂತಿತು. ಟ್ರಕ್ ಹೋದ ಮೇಲೆ ಮೊದಲಿದ್ದ ಜಾಗಕ್ಕೆ ಮರಳಿತು. ವಾಲ್ಷ್ ನನ್ನ ಭುಜದ ಮೇಲೆ ಕೈಯಿಟ್ಟರು. ಅವರು ಹಾಗೆ ಮಾಡಿದ್ದು ಅದೊಂದೇ ಸಲ.

ಅಕ್ಟೋಬರಿನ ನಡಿಗೆಗೆ ವಿಮಲಾ ರಜೆ ಹಾಕಿ ಬಂದಳು. ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಕ್ಯಾನ್ವಾಸ್ ಶೂ. ರೈಲು ಹತ್ತಲಾರದ ಏರನ್ನು ರೈಲುದಾರಿಯಲ್ಲಿ ಇಡುವುದಿಲ್ಲ, ಹಾಗಾಗಿ ದಿನವಿಡೀ ನಡೆದರೂ ಉಸಿರು ಕಟ್ಟಲಿಲ್ಲ. ಊರುಗಳ ಬೆನ್ನು ಮಾತ್ರ ಕಾಣುತ್ತಿತ್ತು: ಒಣಹಾಕಿದ ಬಟ್ಟೆ, ಕೊನೆಯ ಟೊಮೇಟೊ ಉಳಿದ ಹಿತ್ತಿಲು, ಬೇಲಿಯಾಚೆಯಿಂದ ಬೊಗಳುವ ನಾಯಿ. ಊರು ಕಳೆದರೆ ಕೊಯ್ದ ಮೆಕ್ಕೆಜೋಳದ ಹೊಲ, ಕೆಂಪೇರಿದ ಮೇಪಲ್ ಮರಗಳು. ಹಾದಿಯಂಚಿನ ಗಿಡಗಳ ಕಾಯಿ ಒಡೆದು ಬೆಳ್ಳಗೆ ಹತ್ತಿ ಹಾರುತ್ತಿತ್ತು.

"ಇದು ನಮ್ಮ ಎಕ್ಕದ ಥರಾನೇ ಇದೆಯಲ್ಲ" ಎಂದಳು ವಿಮಲಾ. ಎಕ್ಕ ಎಂದರೇನೆಂದು ಮಿಸೆಸ್ ಕಾರ್ಲ್‌ಸನ್ ಕೇಳಿದರು. ಇವಳು ಎಲೆ, ಹಾಲು, ಹೂ ಎಲ್ಲ ಬಣ್ಣಿಸಿದಳು. ಎರಡೂ ಒಂದೇ ಕುಟುಂಬದವು, ಈ ಗಿಡವನ್ನು ನಂಬಿಕೊಂಡೇ ಒಂದು ಜಾತಿಯ ಚಿಟ್ಟೆ ಬದುಕುತ್ತದೆ ಎಂದು ಅವರು ಹೇಳತೊಡಗಿದರು. ಇಬ್ಬರೂ ಗಿಡದ ಮಾತಿನಲ್ಲೇ ಮುಂದೆ ಹೋದರು. ಹಿಂದೆ ನಾನು.

ನನ್ನ ಕಾಲ ಕೆಳಗೆ ಜಲ್ಲಿಯ ಸದ್ದು ನಿಂತು ಮರದ ಸದ್ದು ಶುರುವಾಯಿತು, ಮತ್ತೆ ಜಲ್ಲಿಗೆ ಬಂತು. ಮುಂದಿದ್ದವರು ಮಾತು ನಿಲ್ಲಿಸಲಿಲ್ಲ, ಕೆಳಗೆ ನೋಡಲೂ ಇಲ್ಲ. ಆ ಸೇತುವೆಗಾಗಿ ಅಷ್ಟು ಪಾಡುಪಟ್ಟ ಮಿಸೆಸ್ ಕಾರ್ಲ್‌ಸನ್ ಕೂಡ.

ಮುಂದೆ ಮೂವತ್ತು ವರ್ಷ ದೊಡ್ಡ ದೊಡ್ಡ ಸೇತುವೆಗಳ ಕೆಲಸ ಮಾಡಿದೆ. 'ಇದು ಆಗದು' ಎಂದು ಹೇಳಬೇಕಾಗಿ ಬಂದಾಗಲೆಲ್ಲ, ಹೇಗಾದರೆ ಆದೀತು ಎಂಬುದನ್ನೂ ಯೋಚಿಸಿಯೇ ಬಾಯಿ ತೆರೆಯುವ ಅಭ್ಯಾಸ ಆ ಪಶ್ಚಿಮದ ದಡದಲ್ಲಿ ಕಲಿತದ್ದು. ನನ್ನ ಕೆಲಸಕ್ಕೆ ಸಿಕ್ಕುವ ಮೆಚ್ಚುಗೆ ಎಂಥದ್ದೆಂದು ತಿಳಿದದ್ದು ಮಾತ್ರ ಆ ನಡಿಗೆಯ ದಿನ. ಸೇತುವೆ ದಾಟಿ ಇನ್ನೊಂದಷ್ಟು ದೂರ ನಡೆದ ಮೇಲೆ ವಿಮಲಾ ತಿರುಗಿ ನಿಂತು ಕೇಳಿದಳು:

"ಏನೂಂದ್ರೆ, ನಿಮ್ಮ ಸೇತುವೆ ಇನ್ನೂ ಎಷ್ಟು ದೂರ?"